ಅಪ್ಪನ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿದ ಐದು ತಿಂಗಳು

ಅಪ್ಪನ ವರ್ಷಾಂತಿಕ ಮುಗಿದ ಮರುವಾರ ಅಟ್ಟ ಗುಡಿಸಲು ಹತ್ತಿದ್ದೆ. ಹಳೆಯ ಕಂಚಿನ ಪಾತ್ರೆಗಳ ಹಿಂದೆ ಎರಡು ಡಬ್ಬಿಗಳಿದ್ದವು. ಒಂದು ಬಿಸ್ಕತ್ತಿನ ಚೌಕ ಡಬ್ಬಿ, ಇನ್ನೊಂದು ಮಾವ ದುಬೈಯಿಂದ ತಂದಿದ್ದ ಚಾಕಲೇಟಿನ ಡಬ್ಬಿ. ಮುಚ್ಚಳ ತೆಗೆದರೆ ಕರಗಿ ಅಂಟಾದ ರಬ್ಬರ್ ಬ್ಯಾಂಡುಗಳು, ಸ್ಟುಡಿಯೋದ ಹಳದಿ ಲಕೋಟೆಗಳು, ಅವುಗಳ ಮೇಲೆ ಅಪ್ಪನ ದುಂಡು ಅಕ್ಷರ: ‘ಪರ್ಯಾಯ, ಜನವರಿ 84’, ‘ತಂಗಿ ಮದುವೆ, ಮೇ 86’, ‘ಬಯಲಾಟ – ಚೌಕಿ’, ‘ಕಾಪು ಲೈಟ್‌ಹೌಸ್’. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಸಂಬಳದಲ್ಲಿ ಉಳಿದದ್ದು ಫಿಲ್ಮಿಗೆ ಹೋಗುತ್ತಿತ್ತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಆಲ್ಬಮ್ಮಿನಲ್ಲಿ ಇದ್ದದ್ದು ಮುನ್ನೂರು ಚಿತ್ರ. ಡಬ್ಬಿಯಲ್ಲಿದ್ದದ್ದು ಕಲರ್ ನೆಗೆಟಿವ್ 1,386, ಆಗ್ಫಾ ಕ್ಲಿಕ್ ಕ್ಯಾಮೆರಾದ ದೊಡ್ಡ ಕಪ್ಪುಬಿಳುಪು ನೆಗೆಟಿವ್ 96. ಪ್ರಿಂಟ್ ಹಾಕಿಸಲು ದುಡ್ಡು ಸಾಲದ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಅಪ್ಪ ಒಬ್ಬರೇ ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟಿದ್ದರು.

ಈ ಕೆಲಸ ಮುಗಿದು ಹತ್ತು ದಿನವಾಯಿತು. ಕರಾವಳಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂಥ ಡಬ್ಬಿಗಳಿವೆ. ನಾನು ದಾರಿ ತಪ್ಪಿದ ಕಡೆ ನೀವು ತಪ್ಪದಿರಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾಲ್ಕು ರೋಲುಗಳನ್ನು ಚೀಲಕ್ಕೆ ಹಾಕಿಕೊಂಡು ಕಟಪಾಡಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ. ಅಲ್ಲಿನ ಒಂದು ಲ್ಯಾಬಿನವರು ಚಿತ್ರಕ್ಕೆ 12 ರೂಪಾಯಿ ಎಂದರು, ಹತ್ತು ದಿನ ಎಂದರು. ಇಪ್ಪತ್ತಾರನೆಯ ದಿನ ಪೆನ್‌ಡ್ರೈವ್ ಕೈಗೆ ಬಂತು. ಬಸ್ಸಿನಲ್ಲಿ ತಾಳ್ಮೆ ತಡೆಯದೆ ಮೊಬೈಲಿಗೆ ಸಿಕ್ಕಿಸಿ ನೋಡಿದೆ. ಎಲ್ಲವೂ ಜೆಪೆಗ್, ಮುಖಗಳು ಮೇಣ ಬಳಿದಂತೆ ನುಣುಪು, ಮಲ್ಪೆಯ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು. ಒಂದೇ ಚೌಕಿಯಲ್ಲಿ, ಎಂದರೆ ಯಕ್ಷಗಾನದವರು ವೇಷ ಕಟ್ಟುವ ಜಾಗದಲ್ಲಿ, ಒಂದರ ಹಿಂದೆ ಒಂದು ತೆಗೆದ ಎರಡು ಚಿತ್ರಗಳಲ್ಲಿ ಅದೇ ವೇಷದ ಕೆಂಪು ಒಂದರಲ್ಲಿ ಕುಂಕುಮ, ಇನ್ನೊಂದರಲ್ಲಿ ಇಟ್ಟಿಗೆ. ಕೇಳಿದರೆ ‘ಯಂತ್ರವೇ ಹಾಗೆ ತೆಗೆಯುತ್ತದೆ, ನಾವೇನೂ ಮಾಡುವುದಿಲ್ಲ’ ಎಂದರು. ಆ ಮಾತು ನಿಜವೇ ಆಗಿತ್ತು. ಯಾರೂ ಏನೂ ಮಾಡಿರಲಿಲ್ಲ; ಎಲ್ಲ ನಿರ್ಧಾರಗಳನ್ನೂ ಯಂತ್ರಕ್ಕೆ ಬಿಟ್ಟಿದ್ದರು.

ಸ್ಕ್ಯಾನರ್ ನಾನೇ ಕೊಳ್ಳುವುದೆಂದು ನಿರ್ಧರಿಸಿದ್ದು ಆ ಬಸ್ಸಿನಲ್ಲಿಯೇ, ಮೂಲ್ಕಿ ದಾಟುವ ಹೊತ್ತಿಗೆ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನ ಎಪ್ಸನ್ ವಿ600 ಸ್ಕ್ಯಾನರ್ 16,500 ರೂಪಾಯಿಗೆ ಸಿಕ್ಕಿತು. ಹಳೆಯದನ್ನು ಕೊಳ್ಳುವವರು ಮೂರು ವಿಷಯ ನೋಡಿ: ಮುಚ್ಚಳದ ಒಳಗಿನ ಬಿಳಿ ಹಲಗೆಯನ್ನು ತೆಗೆದರೆ ಕಾಣುವ ಫಿಲ್ಮಿನ ದೀಪ ಉರಿಯುತ್ತದೆಯೇ, ಫಿಲ್ಮ್ ಹಿಡಿಯುವ ಪ್ಲಾಸ್ಟಿಕ್ ಚೌಕಟ್ಟುಗಳು ಜೊತೆಯಲ್ಲಿವೆಯೇ, ಗಾಜಿನ ಒಳಮೈಗೆ ಮಂಜಿನಂಥ ಪೊರೆ ಕಟ್ಟಿದೆಯೇ. ಚೌಕಟ್ಟು ಇಲ್ಲದಿದ್ದರೆ ಕೊಳ್ಳಬೇಡಿ. ಬೇರೆಯಾಗಿ ಹುಡುಕುವುದು ಕಷ್ಟ.

ಮನೆಗೆ ತಂದದ್ದು ಆಟಿ ತಿಂಗಳಲ್ಲಿ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು, ಒಳಗೆ ಗೋಡೆಯೂ ಬೆವರುತ್ತಿತ್ತು. ಮದುವೆಯ ಲಕೋಟೆ ತೆಗೆದರೆ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆತುರಪಟ್ಟು ಒಂದನ್ನು ಎಳೆದೆ. ಚರ್ರೆಂದು ಸಣ್ಣ ಸದ್ದು ಕೇಳಿತು. ನೋಡಿದರೆ ಚಿತ್ರದ ಪದರವೇ ಒಂದು ಇಡೀ ಚಿತ್ರದಷ್ಟು ಕಿತ್ತು ಮುಂದಿನ ಪಟ್ಟಿಗೆ ಹತ್ತಿತ್ತು. ಅದರಲ್ಲಿ ಯಾರಿದ್ದರು ಎಂಬುದು ಇನ್ನು ಗೊತ್ತಾಗುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಊರಿನ ಹಳೆಯ ಸ್ಟುಡಿಯೋ ನಡೆಸುತ್ತಿದ್ದ ಹಿರಿಯರ ಮನೆಗೆ ಹೋದೆ. ಚಿಕ್ಕಂದಿನಿಂದ ನಾನು ಅವರನ್ನು ಮಾಮ ಎಂದೇ ಕರೆಯುವುದು. ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿಸಿ ತುಂಬ ಹೊತ್ತು ನೋಡಿದರು. ಹೊಳೆಯುವ ಬದಿ ಪ್ಲಾಸ್ಟಿಕ್, ಮಂಕಾದ ಬದಿ ಚಿತ್ರವಿರುವ ಜೆಲಟಿನ್ ಪದರ. ಅದರ ಮೇಲೆ ಜೇಡನ ಬಲೆಯಂತೆ ಬಿಳಿ ಎಳೆಗಳು ಹರಡಿದ್ದವು.

“ಬೂಷ್ಟು ಜೆಲಟಿನ್ನನ್ನೇ ತಿನ್ನುವುದು. ತಿಂದ ಜಾಗ ನೀರು ತಾಗಿದರೆ ಕರಗಿ ಹೋಗುತ್ತದೆ. ನೀರಿನಲ್ಲಿ ಮಾತ್ರ ತೊಳೆಯಬೇಡ ಮಗಳೇ” ಎಂದರು. “ಈಗ ಏನೂ ಮಾಡಬೇಡ. ಮಳೆ ಹೋಗಲಿ.”

ಅವರು ಹೇಳಿದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಲಕೋಟೆಗಳನ್ನು ಇಟ್ಟೆ. ವಾರಕ್ಕೊಮ್ಮೆ ಸಿಲಿಕಾ ಹರಳುಗಳನ್ನು ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ತುಂಬಿಸುತ್ತಿದ್ದೆ. ಮೂರನೆಯ ವಾರಕ್ಕೆ ಹೆಚ್ಚಿನ ಪಟ್ಟಿಗಳು ಎಳೆಯದೆಯೇ ಬಿಟ್ಟುಕೊಂಡವು. ಎರಡು ಜೋಡಿ ಬಿಡಲಿಲ್ಲ. ಅವು ಇನ್ನೂ ಹಾಗೆಯೇ ಇವೆ. ಬಿಟ್ಟ ಪಟ್ಟಿಗಳ ಮೇಲಿನ ಬೂಷ್ಟನ್ನು ಔಷಧದ ಅಂಗಡಿಯಲ್ಲಿ ಕೇಳಿ ತಂದ 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಒತ್ತದೆ ಒರೆಸಿದೆ. 70 ಶೇಕಡಾದ ಬಾಟಲಿ ಬೇಡ, ಅದರಲ್ಲಿ ಉಳಿದದ್ದು ನೀರು.

ಮಳೆ ಸ್ವಲ್ಪ ತೆಳುವಾದ ಮೇಲೆ ಮೊದಲ ಸ್ಕ್ಯಾನ್. ಈ ಸ್ಕ್ಯಾನರಿನ ಚೌಕಟ್ಟಿನಲ್ಲಿ ಆರಾರು ಚಿತ್ರಗಳ ಎರಡು ಪಟ್ಟಿ, ಒಟ್ಟು 12 ಚಿತ್ರ ಕೂರುತ್ತವೆ. ಹೊಳೆಯುವ ಬದಿ ಕೆಳಗೆ ಇರಬೇಕು. ಸರಿಯಾಗಿ ಇಟ್ಟರೆ ಅಂಚಿನಲ್ಲಿ ಅಚ್ಚಾಗಿರುವ ಕೊಡಾಕ್, ಕೊನಿಕಾ ಮುಂತಾದ ಅಕ್ಷರಗಳು ಮೇಲಿನಿಂದ ನೋಡುವಾಗ ತಿರುವುಮುರುವಾಗಿ ಕಾಣುತ್ತವೆ. ಸ್ಕ್ಯಾನರಿನ ಜೊತೆ ಬಂದ ತಂತ್ರಾಂಶವನ್ನೇ ತೆರೆದೆ. ಅದರಲ್ಲಿ ಒಳ್ಳೆಯದೆಂದು ಕಂಡ ಎಲ್ಲ ಚೌಕಗಳಿಗೂ ಗುರುತು ಹಾಕಿದೆ: ಅನ್‌ಶಾರ್ಪ್ ಮಾಸ್ಕ್ (ಚಿತ್ರವನ್ನು ಚೂಪು ಮಾಡುವುದು), ಗ್ರೇನ್ ರಿಡಕ್ಷನ್ (ಫಿಲ್ಮಿನ ಕಣಗಳನ್ನು ನುಣುಪು ಮಾಡುವುದು), ಕಲರ್ ರೆಸ್ಟೊರೇಷನ್, ಡಸ್ಟ್ ರಿಮೂವಲ್. ಧೂಳು ತೆಗೆಯುತ್ತೇನೆ, ಬಣ್ಣ ಮರಳಿಸುತ್ತೇನೆ ಎಂದು ಯಂತ್ರ ಹೇಳುವಾಗ ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತದೆ?

ಮೊದಲು ಬಂದದ್ದು ಚೌಕಿಯ ಚಿತ್ರ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು ಕನ್ನಡಿಯ ಮುಂದೆ ಕೂತಿದ್ದಾರೆ. ಆ ವೇಷ ನೋಡಿದವರಿಗೆ ಗೊತ್ತು, ಮುಖದ ಮೇಲೆ ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಒಂದೊಂದೇ ಚುಕ್ಕಿಯಾಗಿ ಚಿಟ್ಟಿ ಇಡುತ್ತಾರೆ. ಗಂಟೆಗಟ್ಟಲೆಯ ಕೆಲಸ ಅದು. ಮುಳ್ಳು ಮುಳ್ಳಾಗಿ ಎದ್ದು ನಿಲ್ಲುತ್ತದೆ. ನನ್ನ ಪರದೆಯ ಮೇಲಿನ ಮುಖದಲ್ಲಿ ಹುಬ್ಬಿನ ಮೇಲಿನ ಸಾಲು ಅರ್ಧಕ್ಕರ್ಧ ಇರಲಿಲ್ಲ. ಕೆನ್ನೆಯಲ್ಲಿ ಚುಕ್ಕಿಗಳಿರಬೇಕಾದಲ್ಲಿ ಬೂದು ಕಲೆ. ಫಿಲ್ಮೇ ಹಾಳಾಗಿದೆಯೆಂದು ಪಟ್ಟಿಯನ್ನು ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ನೆಗೆಟಿವ್‌ನಲ್ಲಿ ಪ್ರತಿಯೊಂದು ಚಿಟ್ಟಿಯೂ ಕರಿ ಚುಕ್ಕಿಯಾಗಿ, ಸೂಜಿಯ ಮೊನೆಯಷ್ಟು ಸ್ಪಷ್ಟವಾಗಿ ಇತ್ತು.

ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ನೆಗೆಟಿವ್ ಮೇಲಿನ ಧೂಳು ಬೆಳಕನ್ನು ತಡೆಯುತ್ತದೆ; ಚಿತ್ರವನ್ನು ತಿರುವಿದಾಗ ಅದು ಬಿಳಿ ಚುಕ್ಕಿಯಾಗಿ ಕಾಣುತ್ತದೆ. ಡಸ್ಟ್ ರಿಮೂವಲ್ ಎಂಬುದು ಚಿತ್ರವನ್ನಷ್ಟೇ ನೋಡಿ ಸಣ್ಣ ಚುಕ್ಕಿಗಳನ್ನು ಊಹೆಯಿಂದ ಅಳಿಸುವ ಸೌಲಭ್ಯ. ಕಲಾವಿದರು ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿ ಅದಕ್ಕೆ ಧೂಳಾಗಿ ಕಂಡಿತು. ಅದೇ ಪಟ್ಟಿಯಲ್ಲಿ ಕೆಳಗಿರುವ ಡಿಜಿಟಲ್ ಐಸ್ ಬೇರೆಯದೇ ವಿಧಾನ. ಕಲರ್ ಫಿಲ್ಮಿನ ಬಣ್ಣಗಳ ಮೂಲಕ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣ ಹಾದುಹೋಗುತ್ತದೆ, ಧೂಳು ಮತ್ತು ಗೀರು ಅದನ್ನು ತಡೆಯುತ್ತವೆ. ಸ್ಕ್ಯಾನರ್ ಆ ಕಿರಣದಲ್ಲಿ ಇನ್ನೊಂದು ಸಲ ಓದಿ ಧೂಳಿನದೇ ಒಂದು ನಕ್ಷೆ ತೆಗೆಯುತ್ತದೆ. ಅಲ್ಲಿ ಚಿಟ್ಟಿ ಇರುವುದಿಲ್ಲ, ಏಕೆಂದರೆ ಅದು ಚಿತ್ರದೊಳಗಿನ ಬಣ್ಣ. ಹೆಸರುಗಳು ಹತ್ತಿರ ಹತ್ತಿರ ಇವೆ, ಕೆಲಸ ಅಜಗಜಾಂತರ. ಡಸ್ಟ್ ರಿಮೂವಲ್ ಆಫ್ ಮಾಡಿ, ಐಸ್ ಮಾತ್ರ ಹಾಕಿ ಮತ್ತೆ ಸ್ಕ್ಯಾನ್ ಮಾಡಿದೆ. ಹುಬ್ಬಿನ ಮೇಲಿನ ಸಾಲು ಪೂರ್ತಿಯಾಗಿ ಮರಳಿತು. ನಾನು ಎಣಿಸಿದೆ, ಎಡ ಹುಬ್ಬಿನಲ್ಲಿ ಇಪ್ಪತ್ತಮೂರು.

ಆದರೆ ಐಸ್ ಕೂಡ ಎಲ್ಲ ಕಡೆ ನಡೆಯುವುದಿಲ್ಲ. ಅಪ್ಪನ ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವಾಗಿರುವುದು ಬೆಳ್ಳಿ. ಬೆಳ್ಳಿ ಅವಕೆಂಪು ಕಿರಣವನ್ನು ತಡೆಯುತ್ತದೆ. ಹಾಗಾಗಿ ಯಂತ್ರಕ್ಕೆ ಚಿತ್ರವೇ ಧೂಳು. ಅಜ್ಜಿ ಜಗಲಿಯಲ್ಲಿ ಕೂತ 1974ರ ಚಿತ್ರಕ್ಕೆ ತಿಳಿಯದೆ ಐಸ್ ಹಾಕಿದಾಗ ಅವರ ಬಿಳಿ ಸೀರೆಯ ನಿರಿಗೆಗಳು ಕಲಸಿಹೋದವು. ಬೆಳ್ಳಿಯ ಕಪ್ಪುಬಿಳುಪಿಗೆ ಅದನ್ನು ಆಫ್ ಮಾಡಿಯೇ ಸ್ಕ್ಯಾನ್ ಮಾಡಿ, ಧೂಳನ್ನು ಕೈಯಲ್ಲಿ ಒತ್ತಿ ಗಾಳಿ ಊದುವ ಬುರುಡೆಯಿಂದ ಮೊದಲೇ ಊದಿ, ಉಳಿದದ್ದನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕೈಯಿಂದ ತೆಗೆಯಿರಿ. 96 ಚಿತ್ರಗಳಿಗೆ ನನಗೆ ಮೂರು ವಾರದ ಸಂಜೆಗಳು ಬೇಕಾದವು. ಅಜ್ಜಿಯ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನಾನು ಹಿಂದೆಂದೂ ನೋಡಿರಲಿಲ್ಲ. ಆ ಸಂಜೆಗಳ ಬಗ್ಗೆ ನನಗೆ ದೂರಿಲ್ಲ.

ಮುಂದಿನ ಪ್ರಶ್ನೆ ಎಷ್ಟು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕಿ ಓದಬೇಕು ಎಂಬುದು. ಪೆಟ್ಟಿಗೆಯ ಮೇಲೆ 6400 ಎಂದು ಬರೆದಿದೆ. ಬೆಂಗಳೂರಿನಲ್ಲಿರುವ ಅಣ್ಣ ಫೋನಿನಲ್ಲಿ “ಮತ್ತೆ ಮತ್ತೆ ಮಾಡುವ ಕೆಲಸವಲ್ಲ, ಇರುವುದರಲ್ಲಿ ದೊಡ್ಡದನ್ನೇ ಇಡು” ಎಂದ. ನಾನೂ ಹಾಗೆಯೇ ಅಂದುಕೊಂಡು ಮೊದಲ ಮೂರು ಪಟ್ಟಿಗಳನ್ನು 6400ರಲ್ಲಿ ಹಾಕಿದೆ. ಐಸ್ ಸೇರಿ ಒಂದು ಚಿತ್ರಕ್ಕೆ ಕಾಲು ಗಂಟೆ. ಒಂದು ಕಡತ ಸುಮಾರು 330 ಎಂಬಿ. ಲೆಕ್ಕ ಹಾಕಿದರೆ ಬರೀ ಸ್ಕ್ಯಾನಿಗೆ ಮುನ್ನೂರೈವತ್ತು ಗಂಟೆ. ಸಂಶಯ ಬಂದು ಒಂದು ಪರೀಕ್ಷೆ ಮಾಡಿದೆ. ರಥಬೀದಿಯ ಒಂದು ಚಿತ್ರದಲ್ಲಿ ಹಿಂದೆ ಅಂಗಡಿಯ ಬೋರ್ಡಿದೆ, ಅದರಲ್ಲಿ ಸಣ್ಣಕ್ಷರಗಳಿವೆ. ಅದೇ ಚಿತ್ರವನ್ನು 2400, 3200, 6400ರಲ್ಲಿ ತೆಗೆದು ಬೋರ್ಡಿನ ಭಾಗವನ್ನು ಒಂದೇ ಅಳತೆಗೆ ಹಿಗ್ಗಿಸಿ ಪಕ್ಕಪಕ್ಕ ಇಟ್ಟೆ. 2400ರಲ್ಲಿ ಓದಲಾಗುವ ಅಕ್ಷರಗಳು 3200ರಲ್ಲಿ ಕೂದಲೆಳೆಯಷ್ಟು ಹೆಚ್ಚು ಚೂಪಾದವು. 2400ರಲ್ಲಿ ಓದಲಾಗದವು 6400ರಲ್ಲಿಯೂ ಓದಲಾಗಲಿಲ್ಲ, ಮಸುಕು ದೊಡ್ಡದಾಯಿತು ಅಷ್ಟೆ. ಇಂಥ ಸಮತಟ್ಟು ಸ್ಕ್ಯಾನರಿನ ಮಸೂರಕ್ಕೆ ಹಿಡಿಯಲಾಗುವುದು ಪೆಟ್ಟಿಗೆಯ ಮೇಲಿನ ಅಂಕಿಗಿಂತ ಎಷ್ಟೋ ಕಡಿಮೆ. ನಾನು 3200ಕ್ಕೆ ನಿಂತೆ: 24×36 ಮಿಲಿಮೀಟರಿನ ಒಂದು ಚಿತ್ರಕ್ಕೆ ಸುಮಾರು 1.37 ಕೋಟಿ ಪಿಕ್ಸೆಲ್. ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟಿಗೂ ಸಾಕು. ನೀವೂ ನಿಮ್ಮ ಒಂದು ಚೂಪಾದ ಚಿತ್ರದಲ್ಲಿ ಈ ಪರೀಕ್ಷೆ ಮಾಡಿಯೇ ಮುಂದೆ ಹೋಗಿ. ಅರ್ಧ ಗಂಟೆಯ ಕೆಲಸ, ತಿಂಗಳುಗಳನ್ನು ಉಳಿಸುತ್ತದೆ.

ಬಿಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಒಂದು ಬಣ್ಣಕ್ಕೆ 8 ಬಿಟ್ ಎಂದರೆ 256 ಮೆಟ್ಟಿಲು, 16 ಬಿಟ್ ಎಂದರೆ 65,536. ನೆಗೆಟಿವ್‌ನಲ್ಲಿ ಚಿತ್ರ ಸಣ್ಣ ವ್ಯಾಪ್ತಿಯಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ತಿರುವಿ, ಕಿತ್ತಳೆ ಛಾಯೆ ಕಳೆದು, ಕಪ್ಪಿನಿಂದ ಬಿಳಿಯವರೆಗೆ ಎಳೆದು ಹರಡುವಾಗ 256 ಸಾಲುವುದಿಲ್ಲ. ಲ್ಯಾಬಿನ ಜೆಪೆಗ್‌ನ ಆಕಾಶದಲ್ಲಿ ಕಂಡ ಪಟ್ಟೆಗಳು ಹೀಗೆ ಹುಟ್ಟಿದವು. ಕಾಪು ಲೈಟ್‌ಹೌಸ್‌ನ ಹಿಂದಿನ ಸಂಜೆಯ ಆಕಾಶವನ್ನು ಮೂರು ಬಣ್ಣಕ್ಕೂ 16ರಂತೆ 48 ಬಿಟ್‌ನ ಟಿಫ್ ಕಡತದಲ್ಲಿ ತೆಗೆದಾಗ ಕೇಸರಿಯಿಂದ ನೇರಳೆಗೆ ಎಲ್ಲಿ ದಾಟಿತೆಂದು ಬೆರಳಿಟ್ಟು ತೋರಿಸಲಾಗಲಿಲ್ಲ.

ಇಷ್ಟಾದರೂ ಒಂದು ಚಿತ್ರದಿಂದ ಇನ್ನೊಂದಕ್ಕೆ ಬಣ್ಣ ಕುಣಿಯುವುದು ನಿಲ್ಲಲಿಲ್ಲ. ಇದಕ್ಕಾಗಿ ವ್ಯೂಸ್ಕ್ಯಾನ್ ಎಂಬ ತಂತ್ರಾಂಶಕ್ಕೆ ಬದಲಾದೆ. ಪುಕ್ಕಟೆ ಪ್ರಯೋಗದ ಆವೃತ್ತಿ ಚಿತ್ರದ ಮೇಲೆಲ್ಲ ಡಾಲರ್ ಗುರುತು ಒತ್ತುತ್ತದೆ, ಆದರೆ ನಿಮ್ಮ ಸ್ಕ್ಯಾನರ್ ಅದರಲ್ಲಿ ಓಡುತ್ತದೆಯೇ ಎಂದು ನೋಡಲು ಸಾಕು. ನೋಡಿಯೇ ಹಣ ಕಟ್ಟಿ. ಫಿಲ್ಮಿಗೆ ಬೇಕಾದದ್ದು ಪ್ರೊಫೆಷನಲ್ ಆವೃತ್ತಿ. ಹಣ ಕಟ್ಟುವಾಗ ನನ್ನ ಕಾರ್ಡು ಮೂರು ಸಲ ತಿರಸ್ಕಾರವಾಯಿತು. ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತ ಮೇಲೆ ತಿಳಿದದ್ದು, ನಮ್ಮ ಕಾರ್ಡುಗಳಲ್ಲಿ ವಿದೇಶದ ವ್ಯವಹಾರ ಮೊದಲೇ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು ಎಂದು. ಕೆಲಸ ಮುಗಿದ ಕೂಡಲೇ ಮತ್ತೆ ಮುಚ್ಚಿ.

ವ್ಯೂಸ್ಕ್ಯಾನ್ ತೆರೆದರೆ ಎದೆ ನಡುಗುವಷ್ಟು ಆಯ್ಕೆಗಳಿವೆ. ನನಗೆ ನಿಜವಾಗಿ ಬೇಕಾದದ್ದು ಕೆಲವೇ. ಕಲರ್ ನೆಗೆಟಿವ್‌ಗೆ ಕಿತ್ತಳೆ ಛಾಯೆ ಇರುತ್ತದಲ್ಲ, ಅದು ಹಳತಾಗಿ ಬಂದದ್ದಲ್ಲ. ಫಿಲ್ಮಿನ ಬಣ್ಣಗಳ ಕೊರತೆಯನ್ನು ಸರಿದೂಗಿಸಲು ತಯಾರಕರೇ ಇಟ್ಟದ್ದು. ಕಂಪೆನಿಯಿಂದ ಕಂಪೆನಿಗೆ ಅದು ಬೇರೆ. ಪ್ರತಿ ಚಿತ್ರಕ್ಕೂ ಅದನ್ನು ಹೊಸದಾಗಿ ಊಹಿಸಲು ಬಿಟ್ಟರೆ ಬಣ್ಣ ಕುಣಿಯುತ್ತದೆ. ಹಾಗಾಗಿ ಮೀಡಿಯಾ ಎಂಬಲ್ಲಿ ಕಲರ್ ನೆಗೆಟಿವ್ ಆರಿಸಿ, ಚಿತ್ರವಿಲ್ಲದ ಖಾಲಿ ಫಿಲ್ಮಿನ ಮೇಲೆ, ರೋಲಿನ ತುದಿಯಲ್ಲಿ ಬೆಳಕು ತಾಗದ ಕಿತ್ತಳೆ ಭಾಗ ಇದ್ದರೆ ಅಲ್ಲಿ, ಇಲ್ಲದಿದ್ದರೆ ಎರಡು ಚಿತ್ರಗಳ ನಡುವಿನ ಸಣ್ಣ ಗೆರೆಯಲ್ಲಿ, ಕ್ರಾಪ್ ಚೌಕ ಇಡಬೇಕು. ಪ್ರಿವ್ಯೂ ಒತ್ತಿ, ಲಾಕ್ ಎಕ್ಸ್‌ಪೋಷರ್‌ಗೆ ಗುರುತು ಹಾಕಿ. ಮತ್ತೆ ಪ್ರಿವ್ಯೂ ಒತ್ತಿ, ಲಾಕ್ ಫಿಲ್ಮ್ ಬೇಸ್ ಕಲರ್‌ಗೆ ಗುರುತು ಹಾಕಿ. ಇಷ್ಟೇ. ಆ ರೋಲ್ ಮುಗಿಯುವವರೆಗೆ ಬಿಚ್ಚಬೇಡಿ, ಹೊಸ ರೋಲ್ ಬಂದಾಗ ಮರೆಯದೆ ಬಿಚ್ಚಿ. ಗುರುತಿನ ಚೌಕದೊಳಗೆ ಪ್ಲಾಸ್ಟಿಕ್ ಚೌಕಟ್ಟಿನ ಕಪ್ಪು ಅಥವಾ ಫಿಲ್ಮಿನ ಅಂಚಿನ ತೂತುಗಳ ಬೆಳಕು ಒಂದು ಎಳೆಯಷ್ಟು ಬಂದರೂ ಲೆಕ್ಕ ತಪ್ಪುತ್ತದೆ.

ಕಲರ್ ಬ್ಯಾಲೆನ್ಸ್‌ನಲ್ಲಿ ನ್ಯೂಟ್ರಲ್ ಎಂಬ ಆಯ್ಕೆ ನನಗೆ ತುಂಬ ತೊಂದರೆ ಕೊಟ್ಟಿತು. ಅದು ಇಡೀ ಚಿತ್ರದ ಸರಾಸರಿ ಬೂದು ಎಂದು ನಂಬಿ ನಡೆಯುತ್ತದೆ. ಮನೆಯಂಗಳದ ಚಿತ್ರಕ್ಕೆ ಸರಿ. ಆದರೆ ಬಯಲಾಟದ ಚಿತ್ರದಲ್ಲಿ ಮುಕ್ಕಾಲು ಭಾಗ ವೇಷಭೂಷಣದ ಕೆಂಪೇ ಇರುವಾಗ ಆ ಕೆಂಪನ್ನೇ ದೋಷವೆಂದು ತಿಳಿದು ಹಸಿರು ನೀಲಿಯ ಕಡೆಗೆ ತಳ್ಳಿತು. ಅಲ್ಲಿಂದ ಮುಂದೆ ಸ್ಕ್ಯಾನ್ ಮಾಡುವಾಗ ಬಣ್ಣದ ಬಗ್ಗೆ ಯಂತ್ರದ ಅಭಿಪ್ರಾಯ ಕೇಳುವುದನ್ನೇ ಬಿಟ್ಟೆ. ಶಾರ್ಪನ್ ಬೇಡ, ಗ್ರೇನ್ ರಿಡಕ್ಷನ್ ಬೇಡ, ಐಸ್‌ನಂತೆಯೇ ಅವಕೆಂಪಿನಿಂದ ಧೂಳು ತೆಗೆಯುವ ಇನ್‌ಫ್ರಾರೆಡ್ ಕ್ಲೀನ್ ಕೂಡ ಸ್ಕ್ಯಾನ್ ಮಾಡುವಾಗ ಬೇಡ. ಬದಲಿಗೆ ಔಟ್‌ಪುಟ್‌ನಲ್ಲಿ ರಾ ಫೈಲ್ ಎಂದು ಗುರುತು ಹಾಕಿ 64 ಬಿಟ್ ಆರ್‌ಜಿಬಿಐ ಆರಿಸಿದೆ. ಮೂರು ಬಣ್ಣಗಳ ಜೊತೆ ಅವಕೆಂಪಿನ ಧೂಳಿನ ನಕ್ಷೆಯೂ ಬೇರೆಯಾಗಿ ಅದೇ ಕಡತದಲ್ಲಿ ಕೂರುತ್ತದೆ. ಆಮೇಲೆ ಸೋರ್ಸ್ ಎಂಬಲ್ಲಿ ಸ್ಕ್ಯಾನರಿನ ಬದಲು ಫೈಲ್ ಆರಿಸಿದರೆ, ಫಿಲ್ಮನ್ನು ಮುಟ್ಟದೆಯೇ ಎಷ್ಟು ಸಲ ಬೇಕಾದರೂ ಬಣ್ಣ, ಧೂಳು ಎಲ್ಲವನ್ನೂ ಹೊಸದಾಗಿ ಮಾಡಬಹುದು. ಈ ಒಂದು ಆಯ್ಕೆ ಮೊದಲ ದಿನವೇ ಗೊತ್ತಿದ್ದಿದ್ದರೆ ನನ್ನ ಒಂದೂವರೆ ತಿಂಗಳು ಉಳಿಯುತ್ತಿತ್ತು. ಬೂಷ್ಟು ಹಿಡಿದ ಫಿಲ್ಮಿಗಂತೂ ಇದು ಬೇಕೇಬೇಕು. ಬೂಷ್ಟು ತಿಂದ ಜಾಗವನ್ನು ಇನ್‌ಫ್ರಾರೆಡ್ ಕ್ಲೀನ್ ಅಕ್ಕಪಕ್ಕ ನೋಡಿ ತುಂಬಿಸುತ್ತದೆ. ಆಕಾಶದಲ್ಲಿ ಹೆವಿ ಇಟ್ಟರೂ ತೊಂದರೆಯಿಲ್ಲ, ಮುಖದ ಮೇಲೆ ಲೈಟ್‌ಗಿಂತ ಹೆಚ್ಚಿಟ್ಟರೆ ಕಣ್ಣಿನ ರೆಪ್ಪೆ ಹೋಗುತ್ತದೆ.

ಕಲರ್ ಚಿತ್ರದ ಒಂದು ಕಡತ ಸುಮಾರು 110 ಎಂಬಿ, ಅವೆಲ್ಲ ಸೇರಿ 152 ಜಿಬಿ. ಒಂದು ಟಿಬಿಯ ಎರಡು ಡಿಸ್ಕ್ ತೆಗೆದುಕೊಂಡೆ, 9,400 ರೂಪಾಯಿ. ಒಂದು ನಮ್ಮಲ್ಲಿ, ಇನ್ನೊಂದು ಅಣ್ಣನಲ್ಲಿ. ಸಿಲಿಕಾ, ಆಲ್ಕೊಹಾಲ್, ಹತ್ತಿಯ ಕೈಗವಸು, ಊದುವ ಬುರುಡೆ, ನೆಗೆಟಿವ್ ಇಡುವ ಹೊಸ ಲಕೋಟೆಗಳು ಎಲ್ಲ ಸೇರಿ ಎರಡು ಸಾವಿರದ ಹತ್ತಿರ. ಲ್ಯಾಬಿಗೆ ಕೊಟ್ಟ 1,700 ಬೇರೆ. ಹನ್ನೆರಡು ಚಿತ್ರಗಳ ಒಂದು ಸುತ್ತಿಗೆ ಮುಕ್ಕಾಲು ಗಂಟೆ. ಕಾಲೇಜಿನ ಗ್ರಂಥಾಲಯದ ಕೆಲಸ ಮುಗಿಸಿ ಬಂದು ದಿನಕ್ಕೆ ಎರಡು ಸುತ್ತು, ಭಾನುವಾರ ಐದು. ಸುತ್ತಿನ ನಡುವೆ ಕರೆಂಟು ಹೋದರೆ ಆ ಸುತ್ತು ಮೊದಲಿನಿಂದ. ಸೆಪ್ಟೆಂಬರಿನ ಗುಡುಗು ಮಳೆಯಲ್ಲಿ ಒಂದೇ ವಾರ ಏಳು ಸಲ ಹೀಗಾಯಿತು. ಕೊನೆಗೆ ನೆರೆಮನೆಯವರ ಯುಪಿಎಸ್ ತಂದಿಟ್ಟೆ.

ಬಣ್ಣ ಕೂರಿಸುವ ಕೆಲಸಕ್ಕೆ ಕೈ ಹಾಕಿದ್ದು ನವರಾತ್ರಿಯ ಹೊತ್ತಿಗೆ. ಮೊದಲು ತೆಗೆದದ್ದು ‘ತಂಗಿ ಮದುವೆ, ಮೇ 86’. ರಾತ್ರಿ ಊಟದ ಮೇಲೆ ಕೂತು ಮೂರು ರೋಲ್ ಮುಗಿಸಿ, ಬೆಳಿಗ್ಗೆ ಅಮ್ಮನಿಗೆ ತೋರಿಸಿದೆ. ಧಾರೆಮಂಟಪದ ಪಕ್ಕ ಅಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ.

“ಇದು ನನ್ನ ಸೀರೆಯಲ್ಲ” ಎಂದರು ಅಮ್ಮ.

“ನೀವೇ ಅಮ್ಮ, ಸರಿಯಾಗಿ ನೋಡಿ.”

“ನಾನೇ. ಸೀರೆ ನನ್ನದಲ್ಲ.”

ಎದ್ದು ಹೋಗಿ ಕಪಾಟಿನ ಕೆಳಗಿನ ಖಾನೆಯಿಂದ ಧಾರೆ ಸೀರೆಯನ್ನೇ ತಂದು ಮೇಜಿನ ಮೇಲಿಟ್ಟರು. ನುಸಿಗುಳಿಗೆಯ ವಾಸನೆ ಕೋಣೆಯೆಲ್ಲ ಹರಡಿತು. ಮಡಿಕೆಯ ಗೆರೆಯಲ್ಲಿ ಜರಿ ಸ್ವಲ್ಪ ಕಪ್ಪಾಗಿತ್ತು, ಒಳಮಡಿಕೆಯಲ್ಲಿ ಹೊಸದರಂತೆಯೇ ಇತ್ತು. ಮಾಗಿದ ಅರಸಿನದ ಬಣ್ಣ, ಅಂಚು ವೀಳ್ಯದೆಲೆಯ ಕಡುಹಸಿರು. ಪರದೆಯ ಮೇಲಿನದು ನಿಂಬೆಹಣ್ಣಿನ ಹಳದಿ, ಅಂಚು ನೀಲಿಗೆ ತಿರುಗಿತ್ತು. ಮೂರು ರೋಲಿನ ಎಲ್ಲ ಚಿತ್ರಗಳೂ ಹಾಗೆಯೇ ನೀಲಿಯ ಕಡೆಗೆ ವಾಲಿದ್ದವು. ರಾತ್ರಿ ನನ್ನ ಕಣ್ಣಿಗೆ ಸರಿಯಾಗಿಯೇ ಕಂಡಿತ್ತಲ್ಲ ಎಂದು ತಲೆ ಕೆರೆದುಕೊಂಡೆ. ಸಂಜೆ ಏಳಾದಾಗ ಕಾರಣ ಕಣ್ಣ ಮುಂದೆಯೇ ನಡೆಯಿತು: ಲ್ಯಾಪ್‌ಟಾಪಿನ ಪರದೆ ತಾನಾಗಿ ಹಳದಿಗೆ ತಿರುಗಿತು. ಕಣ್ಣಿಗೆ ಹಿತವಾಗಲೆಂದು ಎಂದೋ ಹಾಕಿದ್ದ ನೈಟ್ ಲೈಟ್. ಪರದೆ ಸೇರಿಸಿದ ಹಳದಿಯನ್ನು ನಾನು ಚಿತ್ರಗಳಿಂದ ತೆಗೆದುಹಾಕುತ್ತಿದ್ದೆ. ಬಣ್ಣದ ಕೆಲಸಕ್ಕೆ ಕೂರುವ ಮುನ್ನ ಇದನ್ನು ಮರೆಯದೆ ಆಫ್ ಮಾಡಿ, ಮೊಬೈಲಿನಲ್ಲಿ ನೋಡಿ ಒಪ್ಪುವವರು ಅಲ್ಲಿಯೂ ಆಫ್ ಮಾಡಿ. ಮೂರು ರೋಲ್ ಮತ್ತೆ ಮಾಡಬೇಕಾಯಿತು, ಆದರೆ ರಾ ಕಡತಗಳಿದ್ದುದರಿಂದ ಡಬ್ಬಿ ಬಿಚ್ಚುವ ಅಗತ್ಯ ಬೀಳಲಿಲ್ಲ.

ಅಂದಿನಿಂದ ಬಣ್ಣದ ಕೆಲಸ ಹಗಲಿನಲ್ಲಿ ಮಾತ್ರ. ಬೆಳಿಗ್ಗೆ ಹತ್ತರ ಹೊತ್ತಿಗೆ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಬಿಸಿಲು ನೇರವಾಗಿ ಬೀಳದ ಕಡೆ ಸೀರೆ ಹರಡಿ, ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಬಾಗಿಲಿನ ಬಣ್ಣ ಆಗ ನೀಲಿಯಲ್ಲ, ಹಸಿರು. ದನ ಕೆಂಪು, ಕಪ್ಪಲ್ಲ. ಅಂಗಳದ ಚಪ್ಪರದ ಮಡಲು ಹಸಿಯಾಗಿತ್ತು, ಮದುವೆಯ ಹಿಂದಿನ ದಿನವೇ ಹೆಣೆದದ್ದು. ಒಂದು ರೋಲಿಗೆ ಇಂಥ ಒಂದು ಗುರುತು ಸಿಕ್ಕಿದರೆ ಸಾಕು, ಅದೇ ಹೊಂದಾಣಿಕೆ ಉಳಿದ ಚಿತ್ರಗಳಿಗೂ ಹೆಚ್ಚುಕಡಿಮೆ ಕೂರುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಅವರಿರುವಾಗಲೇ ಈ ಭಾಗ ಮುಗಿಸಿ. ಅಪ್ಪ ಇದ್ದಾಗ ನಾನು ಅಟ್ಟ ಹತ್ತಲಿಲ್ಲ.

ಸೋತ ಕಡೆಯೂ ಇದೆ. ‘ಪರ್ಯಾಯ, ಜನವರಿ 84’ ಪೇಜಾವರ ಶ್ರೀ ವಿಶ್ವೇಶತೀರ್ಥರ ಮೂರನೆಯ ಪರ್ಯಾಯದ್ದು. ಬೆಳಗಿನ ಜಾವ ಉಡುಪಿಯ ಜೋಡುಕಟ್ಟೆಯಲ್ಲಿ ಮೆರವಣಿಗೆ ಹೊರಡುವಾಗ ಅಪ್ಪ ಫ್ಲ್ಯಾಷ್ ಇಲ್ಲದೆ ಎಂಟು ಚಿತ್ರ ತೆಗೆದಿದ್ದಾರೆ. ಪಟ್ಟಿ ನೋಡಿದರೆ ಬಹುತೇಕ ಪಾರದರ್ಶಕ. ಹೆಚ್ಚು ಬೆಳಕು ಹಾಯಿಸಿ ಇನ್ನೊಮ್ಮೆ ಓದುವ ಮಲ್ಟಿ ಎಕ್ಸ್‌ಪೋಷರ್ ಹಾಕಿದೆ, ಒಂದೇ ಚಿತ್ರವನ್ನು ಎಂಟು ಸಲ ಓದಿಸಿದೆ. ದೀವಟಿಗೆಗಳು ಬಂದವು, ಒಂದು ಬಿರುದಿನ ಕೊಡೆಯ ಅಂಚು ಬಂತು, ಜನ ಬರಲಿಲ್ಲ. ಫಿಲ್ಮಿಗೆ ಬೆಳಕೇ ಬೀಳದ ಜಾಗದಿಂದ ಯಾವ ಆಯ್ಕೆಯೂ ಏನನ್ನೂ ತರುವುದಿಲ್ಲ. ಮಲ್ಟಿ ಎಕ್ಸ್‌ಪೋಷರ್ ಉಪಯೋಗಕ್ಕೆ ಬರುವುದು ತೀರ ದಟ್ಟವಾದ ಫಿಲ್ಮಿಗೆ. ನಾಲ್ಕು ಸಂಜೆ ಅದಕ್ಕೆ ಕೊಟ್ಟೆ, ನೀವು ಕೊಡಬೇಡಿ. ಆದರೆ ಆ ಎಂಟು ಕಡತಗಳನ್ನು ನಾನು ಅಳಿಸಿಲ್ಲ.

ಕೊನೆಯಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಸ್ಕ್ಯಾನ್ ಮಾಡಿದ ಕಡತಗಳೆಲ್ಲ ಸ್ಕ್ಯಾನ್ ಮಾಡಿದ ದಿನದ ತಾರೀಕನ್ನೇ ಹೊತ್ತಿರುತ್ತವೆ. ಮೊಬೈಲಿಗೆ ಹಾಕಿದರೆ ಅಜ್ಜಿಯ ಚಿತ್ರ ಕಳೆದ ವಾರದ ಊಟದ ಚಿತ್ರದ ಪಕ್ಕ ಕೂರುತ್ತದೆ. ಎಕ್ಸಿಫ್‌ಟೂಲ್ ಎಂಬ ಪುಕ್ಕಟೆ ಸಲಕರಣೆಯಿಂದ ಲಕೋಟೆಯ ಮೇಲಿನ ತಿಂಗಳು, ವರ್ಷವನ್ನು ಒಂದು ರೋಲಿಗೆ ಒಂದೇ ಆಜ್ಞೆಯಲ್ಲಿ ಬರೆದೆ. ಲಕೋಟೆಗಳನ್ನೂ ಎಸೆಯದೆ ಮೊಬೈಲಿನಲ್ಲಿ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿ ಮೊದಲ ಚಿತ್ರವಾಗಿ ಇಟ್ಟಿದ್ದೇನೆ, ಅಪ್ಪನ ಅಕ್ಷರ ಇರಲಿ ಎಂದು. ನೆಗೆಟಿವ್‌ಗಳು ಹೊಸ ಲಕೋಟೆಗಳಲ್ಲಿ, ಸಿಲಿಕಾ ಇರುವ ಬಿಗಿ ಡಬ್ಬಿಯಲ್ಲಿ, ಅಟ್ಟದಿಂದ ಇಳಿದು ಒಳಕೋಣೆಯ ಕಪಾಟಿಗೆ ಬಂದಿವೆ. ಬಿಡದ ಆ ಎರಡು ಜೋಡಿ ಪಟ್ಟಿಗಳೂ ಅದರಲ್ಲಿಯೇ ಇವೆ, ‘ಎಳೆಯಬೇಡಿ’ ಎಂಬ ಚೀಟಿಯೊಂದಿಗೆ.

ಮೊನ್ನೆ ಮದುವೆಯ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದೆ. ಅಮ್ಮ ಕಿಟಕಿಯ ಹತ್ತಿರ ಹಿಡಿದು ನೋಡಿದರು. ಅರಸಿನ ಸರಿಯಿದೆ ಎಂದರು. ಬೆರಳು ಅಂಚಿನ ಮೇಲೆ ನಿಂತಿತು.

“ಹಸಿರು ಇನ್ನೂ ಸ್ವಲ್ಪ ಕಪ್ಪು ಬೇಕು.”

ಡಿಸ್ಕ್ ಸಿಕ್ಕಿಸಿ, ಸೋರ್ಸ್‌ನಲ್ಲಿ ಫೈಲ್ ಆರಿಸಿ, 1986ರ ಆ ಕಡತವನ್ನು ಮತ್ತೆ ತೆರೆದೆ. ಅಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.